ಮೂರನೇ ರಾಜ

ಹೆಗ್ಗನಹಳ್ಳಿಯ ಮೋಹನ್ ಕುಮಾರನಿಗೆ ‘ಆಗಲ್ಲ’ ಅನ್ನುವ ಮಾತು ಹುಟ್ಟಿದಾಗಿನಿಂದ ಬಾಯಿಗೆ ಬಂದಿಲ್ಲ. ಬಾಡಿಗೆಯವರು ಬಂದು ಇನ್ನೊಂದು ತಿಂಗಳು ಟೈಮ್ ಕೇಳಿದರೆ ‘ಆಯ್ತಪ್ಪ’. ಗಣೇಶನನ್ನು ಕೂರಿಸುವ ಹುಡುಗರು ಬಂದು ಅವನ ಖಾಲಿ ಸೈಟಿನಲ್ಲೇ ಪೆಂಡಾಲ್ ಹಾಕುತ್ತೇವೆ ಅಂದರೆ ‘ಹಾಕ್ರೋ ಹೋಗಿ’. ಎಂಥಾ ಒಳ್ಳೆ ಮನುಷ್ಯ ಅಂತ ಸುಂಕದಕಟ್ಟೆಯವರೆಗೂ ಹೆಸರು. ಹೆಂಡತಿ ಶಶಿಕಲಾ ಒಬ್ಬಳು ಮಾತ್ರ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಒಳ್ಳೆಯತನವೂ ಅಲ್ಲ, ಮಣ್ಣೂ ಅಲ್ಲ. ಎದುರಿಗಿರುವವರ ಮುಖ ಸಣ್ಣಗಾಗುವುದನ್ನು ನೋಡಲು ಧೈರ್ಯವಿಲ್ಲದ ಪುಕ್ಕಲುತನ. ಅಷ್ಟು ವರ್ಷ ಜೊತೆಯಲ್ಲಿ ಸಂಸಾರ ಮಾಡಿದವಳ ಮಾತು, ತೆಗೆದುಹಾಕುವ ಹಾಗಿಲ್ಲ.

ವೆಂಕಟಸ್ವಾಮಿ ಮೇಷ್ಟ್ರ ವಿಷಯದಲ್ಲಿ ನಡೆದದ್ದೂ ಅದೇ. ಅಲ್ಲೂ ಅವನು ಯಾರಿಗೂ ‘ಆಗಲ್ಲ’ ಅನ್ನಲಿಲ್ಲ.

ವೆಂಕಟಸ್ವಾಮಿಯವರು ಸ್ಕೂಲಿನ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಎಂಬತ್ತು ದಾಟಿ ಎಷ್ಟೋ ವರ್ಷವಾಗಿದೆ. ಗೋವಿಂದರಾಜನಗರದ ಒಂದು ವಠಾರದಲ್ಲಿ ಹೆಂಡತಿ ರಾಮಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ. ಮಾಗಡಿ ಕಡೆಯ ಹಳ್ಳಿಯವರು. ಮೂಗಿನ ಕೆಳಗೆ ಮೀಸೆ ಮೂಡುವ ಮೊದಲೇ ನಾಟಕ ಕಂಪನಿಯ ಲಾರಿ ಹತ್ತಿದವರು. ಮೊದಲು ಬಾಲಪಾರ್ಟು, ಆಮೇಲೆ ಸೀರೆ ಉಡಿಸಿ ಸ್ತ್ರೀಪಾರ್ಟು. ಗಂಟಲು ಒಡೆದಾಗ ಕಂಪನಿ ಮಾಲೀಕರು ಪರದೆ ಎಳೆಯುವ ಹಗ್ಗ ಕೈಗೆ ಕೊಟ್ಟರು; ಗಂಟಲು ಸರಿಯಾದಾಗ ಕಿರೀಟ ಕೊಟ್ಟರು. ಕೊಟ್ಟದ್ದೇ ತಡ, ಹುಡುಗ ರಾಜಪಾರ್ಟಿಗೆ ಅಂತಲೇ ಹುಟ್ಟಿದ್ದಾನೆ ಅಂತ ಜನ ಮಾತಾಡಿಕೊಂಡರು. ಮೈಕ್ ಇಲ್ಲದ ಕಾಲ. ಟೆಂಟಿನ ಕೊನೆಯಲ್ಲಿ ನೆಲದ ಮೇಲೆ ಕೂತವನಿಗೂ ಕಿವಿ ತುಂಬುವ ಗಂಟಲು. ‘ರಾಜಾ ಮಣಿಕೇತು’ ಅನ್ನುವ ನಾಟಕದಲ್ಲಿ ರಾಜ ಸಾಯುವಾಗ ಒಂದು ಹಾಡಿತ್ತು. ಹಾಡಿ ಸತ್ತರೆ ಜನ ‘ಒನ್ಸ್ ಮೋರ್’ ಅಂತ ಕೂಗುವರು. ಸತ್ತ ರಾಜ ಎದ್ದು ಕೂತು, ಕೈಮುಗಿದು, ಇನ್ನೊಂದು ಸಲ ಹಾಡಿ ಇನ್ನೊಂದು ಸಲ ಸಾಯುತ್ತಿದ್ದ. ಮೋಹನನ ಅಪ್ಪ ಬೈರಪ್ಪ ಇದನ್ನು ಕಣ್ಣಾರೆ ಕಂಡವರು. ರಾಗಿ ಹೊಲಕ್ಕೆ ನೀರು ಕಟ್ಟುವುದನ್ನು ಬಿಟ್ಟು ಹೋಗಿ ನೋಡಿ, ಅವರಪ್ಪನ ಕೈಲಿ ಒದೆ ತಿಂದು, ಮರುದಿನ ಮತ್ತೆ ಹೋಗಿದ್ದರಂತೆ.

ಆಮೇಲೆ ಸಿನಿಮಾದವರು ಬಂದು ಕರೆದುಕೊಂಡು ಹೋದರು. ಆಗೆಲ್ಲ ಕನ್ನಡ ಪಿಕ್ಚರು ತೆಗೆಯುತ್ತಿದ್ದದ್ದು ಮದ್ರಾಸಿನಲ್ಲಿ. ಮೊದಲ ಪಿಕ್ಚರಿನಲ್ಲೇ ಹೀರೋ. ಮೊದಲ ದಿನ ಮೊದಲ ಮಾತು ಆಡಿದ ತಕ್ಷಣ ಸೌಂಡಿನವನು ಕಿವಿಗೆ ಹಾಕಿದ್ದನ್ನು ಕಿತ್ತೆಸೆದು ಎದ್ದು ಬಂದನಂತೆ. “ಸ್ವಾಮಿ, ಮೈಕು ನಿಮ್ಮ ತಲೆ ಮೇಲೇ ಇದೆ, ಯಾಕೆ ಹಾಗೆ ಕಿರುಚ್ತೀರಿ?” ಕೈ ಎತ್ತಿದರೆ ಕೈ ಕ್ಯಾಮೆರಾದಿಂದ ಹೊರಗೆ ಹೋಗುತ್ತಿತ್ತು, ಹುಬ್ಬು ಕುಣಿಸಿದರೆ ಜಾಸ್ತಿ ಆಯಿತು ಅನ್ನುತ್ತಿದ್ದರು. ಪಿಕ್ಚರು ಓಡಲಿಲ್ಲ. ಅದಾದ ಮೇಲೆ ಅವರು ಹೀರೋನ ಅಪ್ಪ ಆದರು, ಹುಡುಗಿಯ ಅಪ್ಪ ಆದರು, ಪೂಜಾರಿ, ಜಡ್ಜು, ಕೊನೆಗೆ ‘ಬನ್ನಿ ಸಾರ್’ ಅಂತ ಬಾಗಿಲು ತೆಗೆಯುವ ಪೇದೆ. ಅಷ್ಟರಲ್ಲಿ ಕಂಪನಿಯೂ ಮುಚ್ಚಿತ್ತು. ವಾಪಸ್ಸು ಹೋಗಲು ಟೆಂಟೇ ಇರಲಿಲ್ಲ. ಹೊಟ್ಟೆಪಾಡಿಗೆ ಹಾರ್ಮೋನಿಯಂ ಹಿಡಿದು, ಕಾಮಾಕ್ಷಿಪಾಳ್ಯದಿಂದ ಕೆಂಗೇರಿಯವರೆಗೆ ಆಸೆ ಇರುವವರಿಗೆಲ್ಲ ನಾಟಕ ಕಲಿಸುತ್ತಾ ಬಂದರು.

ಈ ಕಡೆ ಆ ಆಸೆ ಇರುವವರಿಗೆ ಬರವಿಲ್ಲ. ಹೊಲ ಹೋಗಿ ಲೇಔಟ್ ಬಂತು, ಎತ್ತು ಹೋಗಿ ಫಾರ್ಚುನರ್ ಬಂತು, ಆದರೆ ಪೌರಾಣಿಕ ನಾಟಕದಲ್ಲಿ ಒಂದು ಸಲವಾದರೂ ಕಿರೀಟ ಇಟ್ಟುಕೊಂಡು ನಿಲ್ಲಬೇಕು ಅನ್ನುವ ಹುಚ್ಚು ಮಾತ್ರ ಎಲ್ಲೂ ಹೋಗಲಿಲ್ಲ. ಕಿರೀಟ ಒಂದೇ, ಆಸೆಪಟ್ಟವರು ಹತ್ತು ಜನ. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಾರೆ: ಒಂದೇ ಪಾತ್ರವನ್ನು ಸೀನಿನ ಲೆಕ್ಕದಲ್ಲಿ ಹಂಚಿಬಿಡುವುದು. ಮೊದಲ ಅಂಕದಲ್ಲಿ ಬರುವವನು ಒಂದನೇ ರಾಜ, ಆಮೇಲೆ ಬರುವವನು ಎರಡನೇ ರಾಜ, ಕೊನೆಗೆ ಸಾಯುವವನು ಮೂರನೇ ರಾಜ. ಒಂದನೇ ರಾಜ ದಪ್ಪಗೆ ಕುಳ್ಳಗೆ ಇದ್ದು, ಎರಡನೆಯವನು ಬಿದಿರುಗಳುವಿನ ಹಾಗೆ ಇದ್ದರೂ ನೋಡುವವರಿಗೆ ಏನೂ ಅನ್ನಿಸುವುದಿಲ್ಲ. ಅವರು ರಾಜನನ್ನು ನೋಡಲು ಬಂದವರಲ್ಲ, ಅವರವರ ಭಾವನನ್ನೋ ಚಿಕ್ಕಪ್ಪನನ್ನೋ ನೋಡಲು ಬಂದವರು.

ಹಾಗೆ ಹೆಗ್ಗನಹಳ್ಳಿಯವರೆಲ್ಲ ಸೇರಿ ‘ರಾಜಾ ಮಣಿಕೇತು’ ಆಡುವುದು ಅಂತಾಯಿತು. ಮುಂದಾಳತ್ವ ಮೋಹನ್ ಕುಮಾರನದು; ಅವನೇ ಒಂದನೇ ರಾಜ. ಮೇಷ್ಟ್ರು ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು, ಮೋಹನನ ಬಿಲ್ಡಿಂಗಿನ ಟೆರೇಸಿನಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಎಲ್ಲರ ಕೈಲೂ ಹಾಡಿಸುತ್ತಿದ್ದರು. ಹಾಡು ಬಾರದವನಿಗೂ ಬೈಯುತ್ತಿರಲಿಲ್ಲ. ಒಂದು ಸಂಜೆ ಪ್ರಾಕ್ಟೀಸ್ ಮುಗಿದು ಎಲ್ಲರೂ ಇಳಿದು ಹೋದ ಮೇಲೂ ಮೇಷ್ಟ್ರು ಕೂತೇ ಇದ್ದರು. ಹಾರ್ಮೋನಿಯಂ ಮೇಲಿನ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಮೋಹನಾ, ಒಂದು ಮಾತು ಕೇಳ್ಲಾ?”

“ಕೇಳಿ ಮೇಷ್ಟ್ರೇ.”

“ಮೂರನೇ ರಾಜನ ಪಾರ್ಟು ಇನ್ನೂ ಯಾರಿಗೂ ಕೊಟ್ಟಿಲ್ವಲ್ಲಪ್ಪ. ಒಂದೇ ಸೀನು, ಒಂದೇ ಹಾಡು. ನಾನು ಮಾಡ್ಲಾ? ಇನ್ನೊಂದ್ಸಲ ಬಣ್ಣ ಹಚ್ಕೊಂಡು ಆ ಹಾಡು ಹಾಡಿಬಿಟ್ರೆ ಸಾಕು ಅನ್ನಿಸ್ತಿದೆ. ಇನ್ನೆಷ್ಟು ದಿನ ಈ ಗಂಟಲು ಇರುತ್ತೋ.”

ಕೇಳುವಾಗ ಅವರ ಮುಖ, ದೇವರಾಣೆ, ಕಡಲೆಮಿಠಾಯಿ ಕೇಳುವ ಮಗುವಿನ ಮುಖ. ಮೋಹನನಿಗೆ ಕರುಳು ಕಿತ್ತು ಬಂದ ಹಾಗಾಯಿತು. “ಅಯ್ಯೋ ಮೇಷ್ಟ್ರೇ, ಇದೇನು ಕೇಳೋದು! ಅದು ನಿಮ್ಮದೇ ಪಾರ್ಟು. ನಮ್ಮಪ್ಪ ಇದ್ದಿದ್ರೆ ಎತ್ಕೊಂಡು ಕುಣೀತಿದ್ರು. ಆಯ್ತು ಅಂತ ತಿಳ್ಕೊಳ್ಳಿ” ಅಂದ. ಅವತ್ತು ಅವನು ಹೇಳಿದ್ದು ನಿಜವಾಗಿ ಮನಸ್ಸಿನಿಂದಲೇ. ಹಾರ್ಮೋನಿಯಂ ನುಡಿಸುವವರೇ ರಾಜನಾದರೆ ಹಾರ್ಮೋನಿಯಂಗೆ ಯಾರು ಅನ್ನುವ ಪ್ರಶ್ನೆಯನ್ನೂ ಮೇಷ್ಟ್ರೇ ಬಗೆಹರಿಸಿದರು. ಕೆಂಗೇರಿಯಲ್ಲಿ ಅವರ ಶಿಷ್ಯ ಚನ್ನವೀರೇಶ್ ಇದ್ದ. ಆ ಒಂದು ಸೀನಿಗೆ ಅವನು ಬಂದು ಕೂರುತ್ತಾನೆ ಅಂತಾಯಿತು.

ಇದಾಗಿ ಹದಿನೈದು ದಿನಕ್ಕೆ ಬೀಗರ ಫೋನು ಬಂತು.

ಮೋಹನನ ಮಗಳು ಸ್ಪಂದನಳಿಗೆ ಉಲ್ಲಾಳದ ಸಂಪತ್ ಅವರ ಮಗನನ್ನು ನೋಡಿದ್ದರು. ಹುಡುಗ ಒಳ್ಳೆಯವನು, ಹುಡುಗಿಗೂ ಒಪ್ಪಿಗೆ, ನಾಟಕ ಆದ ಮೇಲೆ ನಿಶ್ಚಿತಾರ್ಥ ಅಂತ ಮಾತಾಗಿತ್ತು. ಸಂಪತ್ ದೊಡ್ಡ ಮನಸ್ಸಿನವರೇ, ಆದರೆ ದೊಡ್ಡ ಗಂಟಲಿನವರೂ ಹೌದು. “ಬೀಗ್ರೇ, ನಾಟಕ ಮಾಡಿಸ್ತಿದೀರಂತೆ, ನಮಗೊಂದು ಮಾತು ಹೇಳ್ಬಾರ್ದಾ? ಚಿಕ್ಕ ಹುಡುಗನಿಂದ ನಂಗೊಂದೇ ಆಸೆ ಕಣ್ರೀ, ರಾಜಪಾರ್ಟು. ಯಾವುದಾದ್ರೂ ಒಂದು ಸೀನು ಬಿಟ್ಕೊಡಿ. ಉಲ್ಲಾಳದಿಂದ ಎರಡು ಬಸ್ಸು ಜನ ಕರ್ಕೊಂಡು ಬರ್ತೀನಿ” ಅಂದರು.

ಮೋಹನ ಏನಂದ ಅಂತ ನಾನು ಬಿಡಿಸಿ ಹೇಳಬೇಕೇ?

ಫೋನಿಟ್ಟವನ ಮುಖ ನೋಡಿಯೇ ಶಶಿಕಲಾಗೆ ಗೊತ್ತಾಯಿತು. ಮೂರನೇ ರಾಜನ ಪಾರ್ಟು ಬೀಗರಿಗೆ ಹೋಯಿತು ಅಂತ ಕೇಳಿ, ಹುರಳಿಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. “ಬೀಗ್ರು ಕೇಳಿದ್ರು, ಕೊಡಿ, ಬೇಡ ಅನ್ನಲ್ಲ. ನಿಮ್ಮ ಪಾರ್ಟು ಕೊಡಿ. ಒಂದನೇ ರಾಜ ಅವರೇ ಆಗ್ಲಿ.”

“ಅದ್ಹೆಂಗೆ ಕೊಡಕ್ಕಾಗುತ್ತೆ? ಫ್ಲೆಕ್ಸ್ ಹಾಕ್ಸಾಗಿದೆ. ಹೆಗ್ಗನಹಳ್ಳಿ ಕ್ರಾಸಲ್ಲಿ ನನ್ನ ಫೋಟೋ ನಿಂತಿದೆ.”

“ಫೋಟೋ ತಾನೇ ನಿಂತಿರೋದು, ನೀವಲ್ವಲ್ಲ. ಆ ವಯಸ್ಸಾದವರಿಗೆ ಆಸೆ ತೋರ್ಸಿ ಕಿತ್ಕೊಂಡ್ರೆ ಒಳ್ಳೇದಾಗಲ್ಲ ರೀ.”

“ನೀನು ಸುಮ್ನೆ ಇರೇ, ನಾನು ಮೇಷ್ಟ್ರಿಗೆ ನಿಧಾನವಾಗಿ ಹೇಳ್ತೀನಿ” ಅಂತ ರೇಗಿದ. ಹೆಂಡತಿಯ ಮೇಲೆ ರೇಗಲು ಅವನಿಗೆ ಧೈರ್ಯಕ್ಕೆ ಯಾವತ್ತೂ ಕೊರತೆ ಇರಲಿಲ್ಲ. ಆದರೆ ಅವಳ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ತನ್ನ ಸೀನನ್ನೇ ಬಿಟ್ಟುಕೊಡಬಹುದು ಅನ್ನುವುದು, ಅವಳು ಹೇಳುವ ಮೊದಲೇ, ಸಂಪತ್ ಜೊತೆ ಫೋನಿನಲ್ಲಿ ಮಾತಾಡುವಾಗಲೇ ಅವನಿಗೆ ಹೊಳೆದಿತ್ತು. ಹೊಳೆದದ್ದನ್ನು ಅವನೇ ಪಕ್ಕಕ್ಕೆ ತಳ್ಳಿದ್ದ. ಅವನಿಗೂ ಆ ಕಿರೀಟ ಬೇಕಿತ್ತು, ಅಷ್ಟೇ.

ನಿಧಾನವಾಗಿ ಹೇಳುವ ದಿನ ಬರಲೇ ಇಲ್ಲ. ಪ್ರಾಕ್ಟೀಸಿಗೆ ಮೇಷ್ಟ್ರು ಬಂದಾಗಲೆಲ್ಲ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದ. ಒಂದು ದಿನ ಅವರು, “ರಾಮಮ್ಮ ಬೆಳಿಗ್ಗೆ ಎದ್ದು ಜೇಷ್ಠಮಧು ಕುದಿಸಿ ಕೊಡ್ತಾಳೆ ಕಣಪ್ಪ, ಗಂಟಲು ತಿಳಿಯಾಗ್ತಿದೆ” ಅಂದರು. ಇನ್ನೊಂದು ದಿನ, ವಠಾರದವರಿಗೆಲ್ಲ ಹೇಳಿದ್ದಾಳೆ ಅಂತ ನಾಚಿಕೊಂಡರು. ಆ ಮುಖಕ್ಕೆ ಎದುರಾಗಿ ಹೇಗೆ ಹೇಳುವುದು? ಟೀ ತರಿಸಿ ಕೊಟ್ಟ. ಬಸ್ಸು ಬೇಡ ಅಂತ ಆಟೋ ಮಾಡಿಸಿ ಕಳಿಸಿದ. ಹೊಸ ಪಂಚೆ ಶಲ್ಯ ತಂದು ಕೊಟ್ಟ. ಮೇಷ್ಟ್ರು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡರು. ಅವರು ಹೋದ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಆ ಅಸಹ್ಯದಲ್ಲೇ ಇನ್ನೊಂದು ಕೆಲಸ ಮಾಡಿದ. ಮೇಷ್ಟ್ರು ಸಾವಿನ ಹಾಡನ್ನು ಹೇಳಿಕೊಳ್ಳುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಲಿತುಕೊಳ್ಳಿ ಅಂತ ಸಂಪತ್ ಅವರಿಗೆ ವಾಟ್ಸಾಪಿನಲ್ಲಿ ಕಳಿಸಿದ. ಮೊಬೈಲು ಎತ್ತಿದ್ದನ್ನು ಕಂಡು ಮೇಷ್ಟ್ರು ಒಂದು ಗೇಣು ಮುಂದೆ ಬಾಗಿ ಇನ್ನೂ ಸ್ಪಷ್ಟವಾಗಿ ಹಾಡಿದ್ದರು.

ಪಾಂಪ್ಲೆಟ್ ಅಚ್ಚು ಹಾಕಿಸುವಾಗಲಂತೂ ಅವನ ತಲೆ ಎಂಥಾ ಚುರುಕಾಯಿತು ಅಂತೀರಿ! ಮೂರನೇ ರಾಜನ ಮುಂದೆ ಯಾರ ಹೆಸರು? ‘ವಿಶೇಷ ಕಲಾವಿದರಿಂದ’ ಅಂತ ಹಾಕಿಸಿಬಿಟ್ಟ. ಮೇಷ್ಟ್ರು ಓದಿ ತಮ್ಮನ್ನೇ ಅಂದುಕೊಂಡರು. ಸಂಪತ್ ಓದಿ ಫೋನ್ ಮಾಡಿ, “ಬೀಗ್ರೇ, ಸಸ್ಪೆನ್ಸ್ ಇಟ್ಟಿದೀರಾ, ಸೂಪರ್” ಅಂದರು.

ನಾಟಕದ ಭಾನುವಾರ ಬಂತು. ರಾಜಾಜಿನಗರದ ಒಂದು ಸಭಾಂಗಣ, ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆಗೆ ಮುಕ್ತಾಯ. ಒಂದನೇ ರಾಜನಾಗಿ ಮೋಹನ ಬಂದು ನಿಂತಾಗ ಹೆಗ್ಗನಹಳ್ಳಿ ಹುಡುಗರ ಸೀಟಿಯೇ ಸೀಟಿ. ಅವನ ತಾಯಿ ಮುನಿತಾಯಮ್ಮ ಮುಂದಿನ ಸಾಲಿನಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನಿಗೆ ಏನೂ ಕೇಳಿಸಲಿಲ್ಲ. ಹಾರ್ಮೋನಿಯಂ ಹಿಂದೆ ಕೂತು ಮೇಷ್ಟ್ರು ಅವನ ತಪ್ಪಿದ ಶ್ರುತಿಯನ್ನು ಎತ್ತಿ ಎತ್ತಿ ದಾರಿಗೆ ಹಚ್ಚುತ್ತಿದ್ದರು, ಅದೊಂದೇ ಕೇಳಿಸುತ್ತಿತ್ತು.

ಊಟವಾದ ಮೇಲೆ ಎರಡನೇ ರಾಜನ ಸೀನಿಗೂ ನುಡಿಸಿ, ನಡುವಿನ ಹಾಸ್ಯದ ಸೀನಿಗೆ ಹಾರ್ಮೋನಿಯಂ ಬೇಡವಾದ್ದರಿಂದ, ಮೇಷ್ಟ್ರು ಒಳಗೆ ಹೋಗಿ ಬಣ್ಣಕ್ಕೆ ಕೂತರು. ಬಣ್ಣದ ಏಕಾಂತಯ್ಯ ಅವರಿಗಿಂತ ಸ್ವಲ್ಪ ಚಿಕ್ಕವರು, ಹಳೇ ಪರಿಚಯ. ಕಿರಿಯರಿಗೆಲ್ಲ ಎರಡು ಕೈ ಬಣ್ಣ ಬಳಿದು ಎಬ್ಬಿಸುತ್ತಿದ್ದವರು ಇವರ ಮುಖಕ್ಕೆ ತುಂಬಾ ಹೊತ್ತು ತೆಗೆದುಕೊಂಡರು. ಮೋಹನ ಬಾಗಿಲಲ್ಲಿ ನಿಂತು ನೋಡಿದ. ಸುಕ್ಕೆಲ್ಲ ಬಣ್ಣದ ಕೆಳಗೆ ಹೋಗಿ, ಹುಬ್ಬು ಮೇಲಕ್ಕೆದ್ದು, ಮೀಸೆ ತಿರುಗಿ, ಅಪ್ಪ ಹೇಳುತ್ತಿದ್ದ ಆ ರಾಜ ಅಲ್ಲಿ ಕೂತಿದ್ದ. ಪಕ್ಕದ ಕೋಣೆಯಲ್ಲಿ ಸಂಪತ್ ಕೂಡ ಡ್ರೆಸ್ ಹಾಕಿಕೊಂಡು, ಮೀಸೆ ಅಂಟಿಸಿಕೊಂಡು, ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು.

ಈಗಲಾದರೂ ಒಬ್ಬರಿಗೆ ಹೇಳಲೇಬೇಕಿತ್ತು. ಮೋಹನ ಹೊರಗೆ ಹೋಗಿ ಜನರೇಟರ್ ಪಕ್ಕ ನಿಂತು ಚನ್ನವೀರೇಶನಿಗೆ ಫೋನ್ ಮಾಡಿದ.

“ಎಲ್ಲಿದೀಯಪ್ಪ?”

“ಮೆಟ್ರೋದಲ್ಲಿದೀನಿ ಸಾರ್, ಇನ್ನು ಹತ್ತು ನಿಮಿಷಕ್ಕೆ ಅಲ್ಲಿರ್ತೀನಿ.”

“ಬರೋದು ಬೇಡ ಬಿಡು. ಪ್ರೋಗ್ರಾಂ ಚೇಂಜ್ ಆಗಿದೆ. ಮೇಷ್ಟ್ರೇ ನುಡಿಸ್ತಾರಂತೆ.”

“ಹೌದಾ ಸಾರ್?” ಹುಡುಗನ ದನಿ ಇಳಿಯಿತು. “ಮೇಷ್ಟ್ರ ರಾಜಪಾರ್ಟು ನೋಡೋಣ ಅಂತಿದ್ದೆ.”

ಮೋಹನ ಫೋನ್ ಜೇಬಿಗೆ ಹಾಕಿಕೊಂಡ. ಇಷ್ಟು ದಿನ ಅವನು ಮಾಡಿದ್ದು ಹೇಳದೆ ಉಳಿದದ್ದು. ಈಗ ಮಾಡಿದ್ದು ಬೇರೆ, ಇದು ಬೇಕಂತಲೇ ಮಾಡಿದ್ದು, ಅದು ಅವನಿಗೂ ಗೊತ್ತಾಯಿತು. ಗೊತ್ತಾಗಿಯೂ ಒಳಗೆ ಹೋದ.

“ಮೇಷ್ಟ್ರೇ, ಚನ್ನವೀರೇಶ್ ಬಂದಿಲ್ಲ. ಫೋನೂ ತೆಗೀತಿಲ್ಲ. ಹಾರ್ಮೋನಿಯಂಗೆ ಜನ ಇಲ್ಲ.”

ಮೇಷ್ಟ್ರು ಕಿರೀಟವನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. “ಬರ್ತಾನೆ ಬಿಡಪ್ಪ. ಅವನು ಮಾತು ತಪ್ಪೋನಲ್ಲ.”

“ಇಲ್ಲ ಮೇಷ್ಟ್ರೇ, ಟೈಮಿಲ್ಲ. ಹಾಸ್ಯದ ಸೀನು ಮುಗೀತಾ ಬಂತು. ಹಾರ್ಮೋನಿಯಂ ಇಲ್ದೆ ಆ ಹಾಡು ಏಳಲ್ಲ. ನೀವು ಕೂತ್ರೆ ಮಾತ್ರ ನಾಟಕ ಉಳಿಯುತ್ತೆ.”

“ಹಾಗಾದ್ರೆ ರಾಜ?”

“ನಮ್ಮ ಬೀಗ್ರು ಇದಾರೆ, ಸಂಪತ್ ಅವ್ರು. ಡ್ರೆಸ್ ಹಾಕ್ಕೊಂಡು ರೆಡಿ ಇದಾರೆ. ಹೇಗೋ ಸುಧಾರಿಸ್ತಾರೆ.”

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವನಿಗೆ ಹೊಳೆಯಿತು. ಈಗ ತಾನೇ ಎದುರಾದ ತೊಂದರೆಗೆ ಬೀಗರು ಮೀಸೆ ಸಮೇತ ಹೇಗೆ ರೆಡಿ ಇದ್ದರು? ಮೇಷ್ಟ್ರು ತಿರುಗಿ, ತೆರೆದ ಬಾಗಿಲಿನಿಂದ ಪಕ್ಕದ ಕೋಣೆಯ ಕಡೆ ನೋಡಿದರು. ಅಲ್ಲಿ ಸಂಪತ್ ಕತ್ತಿ ಎತ್ತಿ ಹಿಡಿದು ಫೋಟೋಗೆ ನಿಂತಿದ್ದರು. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, ಕಿರೀಟವನ್ನು ಪೆಟ್ಟಿಗೆಯ ಮೇಲಿಟ್ಟರು. “ಆಟ ನಿಲ್ಬಾರ್ದು, ನಡಿ” ಅಂತ ಮಂಡಿ ಹಿಡಿದುಕೊಂಡು ಎದ್ದರು. ಏಕಾಂತಯ್ಯ ಸಿಟ್ಟಿನಿಂದ ಮೋಹನನನ್ನು ನೋಡಿ, “ಬಣ್ಣ ತೆಗೀಲಾ ಸ್ವಾಮಿ?” ಅಂತ ಮೇಷ್ಟ್ರನ್ನು ಕೇಳಿದರು.

“ಬೇಡ. ರಾಮಮ್ಮ ನೋಡ್ಬೇಕು ಅಂದಿದಾಳೆ. ಇರ್ಲಿ.”

ರಾಜನ ಮುಖ ಹೊತ್ತುಕೊಂಡೇ ಅವರು ಹಾರ್ಮೋನಿಯಂ ಹಿಂದೆ ಹೋಗಿ ಕೂತರು. ಸಂಪತ್ ಬಂದರು, ನಿಂತರು, ಎರಡು ಸಾಲು ಹಾಡಿದರು, ಮೂರನೆಯದು ಮರೆತರು. ಪಾಪ, ಅಷ್ಟು ಜನರನ್ನು ನೋಡಿ ಅವರ ನಾಲಿಗೆ ಅಂಟಿಕೊಂಡಿತ್ತು. ಹಾರ್ಮೋನಿಯಂ ಹಿಂದಿನಿಂದ ಮೂರನೇ ಸಾಲು ಬಂತು, ನಾಲ್ಕನೆಯದೂ ಬಂತು. ಏರಿಸಿ ಹಾಡಲಿಲ್ಲ ಮೇಷ್ಟ್ರು. ಸಂಪತ್ ಅವರ ದನಿ ಅಂತಲೇ ಜನ ನಂಬಬೇಕು, ಅಷ್ಟು ತಗ್ಗಿಸಿ, ಅಷ್ಟು ಅಡಗಿಸಿ ಹಾಡಿದರು. ಸಂಪತ್ ಬಾಯಿ ಆಡಿಸುತ್ತಾ ಸತ್ತರು. ಉಲ್ಲಾಳದ ಎರಡು ಬಸ್ಸು ಜನವೂ ಎದ್ದು ನಿಂತು ‘ಒನ್ಸ್ ಮೋರ್’ ಅಂತ ಕೂಗಿತು. ಸೇಬಿನ ಹಾರವನ್ನು ನಾಲ್ಕು ಜನ ಹೊತ್ತು ತಂದು ಹಾಕಿದರು. ಸೈಡಿನಲ್ಲಿ ನಿಂತಿದ್ದ ಮೋಹನ ಮೇಷ್ಟ್ರ ಕಡೆ ನೋಡಲಾರದೆ, ಹಾರದಿಂದ ಉದುರಿ ಉರುಳಿ ಬಂದ ಒಂದು ಸೇಬನ್ನು ಎತ್ತಿಕೊಂಡು, ಏನು ಮಾಡಬೇಕೋ ತೋಚದೆ ಕೈಯಲ್ಲೇ ಹಿಡಿದುಕೊಂಡಿದ್ದ.

ಮುಗಿದ ಮೇಲೆ ಅವನೇ ಕಾರಿನಲ್ಲಿ ಕರೆದುಕೊಂಡು ಹೊರಟ. ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂತ ಬಾಯಿ ತೆರೆಯುತ್ತಾನೆ, ಸಿಗ್ನಲ್ ಹಸಿರಾಗುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಬಾಯಿ ಮುಚ್ಚುತ್ತಾನೆ. ಪಕ್ಕದಲ್ಲಿ ನಿಂತ ಸ್ಕೂಟರಿನ ಹುಡುಗಿ ಕಾರಿನೊಳಗಿನ ರಾಜನನ್ನು ನೋಡಿ ನಕ್ಕಳು. ಮೇಷ್ಟ್ರು ಅವಳಿಗೆ ಕೈಮುಗಿದರು.

“ನಿಮ್ಮ ಬೀಗ್ರು ಶ್ರುತಿ ಒಂಚೂರು ಕೈಬಿಟ್ರು” ಅಂದರು ಆಮೇಲೆ. “ನಿಲ್ಲೋ ಠೀವಿ ಚೆನ್ನಾಗಿದೆ. ಹೇಳು ಅವರಿಗೆ.”

“ಮೇಷ್ಟ್ರೇ…”

“ಎಡಗಡೆ ತಗೋಪ್ಪ, ಆ ಕಡೆ ರೋಡ್ ಅಗೆದಿದಾರೆ.”

ಮೋಹನ ಎಡಗಡೆ ತಗೊಂಡ.

ವಠಾರದ ಬಾಗಿಲಲ್ಲಿ ಹೆಂಗಸರು, ಮಕ್ಕಳು ಗುಂಪಾಗಿದ್ದರು. ಮಂಡಿ ನೋವಿನಿಂದ ನಾಟಕಕ್ಕೆ ಬರಲಾಗದ ರಾಮಮ್ಮ ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗಂಡನನ್ನು ಕಂಡವರೇ ಗೋಡೆ ಹಿಡಿದು ಎದ್ದು, ಅರಿಶಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆ ತರಿಸಿ ಆರತಿ ಎತ್ತಿದರು. ಎರಡೂ ಕೈಯಿಂದ ಅವರ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಿವಿಯ ಪಕ್ಕ ಒತ್ತಿ ಲಟಲಟ ಅಂತ ನೆಟಿಗೆ ಮುರಿದು ದೃಷ್ಟಿ ತೆಗೆದರು. ಒಂದು ಗಳಿಗೆ ಬೆರಳ ತುದಿಯನ್ನೇ ನೋಡಿಕೊಂಡು, ಮೋಹನನ ಕಡೆ ತಿರುಗಿದರು.

“ನೀನು ಹೇಳಪ್ಪ. ಇವರನ್ನ ಕೇಳಿದ್ರೆ ಹೇಳಲ್ಲ. ಹೇಗೆ ಮಾಡಿದ್ರು?”

ವಠಾರದ ಮಂದಿಯೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಮೇಷ್ಟ್ರು ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿದ್ದರು.

“ಅದ್ಭುತ ಅಮ್ಮ” ಅಂದ ಮೋಹನ. “ಜನ ಎದ್ದು ನಿಂತ್ಬಿಟ್ರು. ಎರಡು ಸಲ ಒನ್ಸ್ ಮೋರ್.”

ಮೇಷ್ಟ್ರು ತಲೆಯೆತ್ತಿದರು. ಮೋಹನನನ್ನು ನೋಡಿದರು. ಆ ಬಣ್ಣದ ಮುಖದಲ್ಲಿ ಏನಿತ್ತು ಅಂತ ಅವನಿಗೆ ತಿಳಿಯಲಿಲ್ಲ. “ಮೂರು ಕಣಪ್ಪ” ಅಂದರು ಅವರು ಮೆಲ್ಲಗೆ. “ಮೂರನೇ ಸಲ ಗಂಟಲು ಬರ್ಲಿಲ್ಲ, ಕೈಮುಗಿದು ಎದ್ಬಿಟ್ಟೆ.” ವಠಾರದ ಮಕ್ಕಳು ಚಪ್ಪಾಳೆ ತಟ್ಟಿದವು. ಮೇಷ್ಟ್ರು ಒಳಗೆ ಹೋದರು.

ಮೋಹನನಿಗೆ ಒಬ್ಬಟ್ಟು ಹಾಕಿಕೊಟ್ಟರು. ಹೊಟ್ಟೆ ತುಂಬಿದೆ ಅಂತ ಸುಳ್ಳು ಹೇಳಿ ಹೊರಟ. ಬೇಡ ಬೇಡ ಅಂದರೂ ಕೇಳದೆ, ಸ್ಪಂದನಳಿಗೆ ಅಂತ ಒಬ್ಬಟ್ಟಿನ ಡಬ್ಬಿ ಹಿಡಿದುಕೊಂಡು ರಾಮಮ್ಮ ಗೋಡೆ ಸವರುತ್ತಾ ಗೇಟಿನವರೆಗೂ ಬಂದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಬಣ್ಣ ಒಣಗಿತ್ತಲ್ಲಪ್ಪ” ಅಂದರು.

ಮೋಹನನಿಗೆ ಅರ್ಥವಾಗಲಿಲ್ಲ.

“ಕಂಪನಿ ಎಲ್ಲೆಲ್ಲಿ ಕ್ಯಾಂಪ್ ಹಾಕಿದ್ರೂ ಇವರ ಬಣ್ಣ ತೆಗೀತಿದ್ದೋಳು ನಾನೇ. ರಾಜಪಾರ್ಟು ಮಾಡಿ ಬಂದ ಮುಖ ನಾನು ನೋಡಿಲ್ವಾ? ಆ ಹಾಡು ಒಂದ್ಸಲ ಹಾಡಿದ್ರೆ ಸಾಕು, ಬೆವರು ಕಿತ್ಕೊಂಡು ಹಣೆ ಬಣ್ಣ ಕುತ್ತಿಗೆಗೆ ಇಳಿದಿರೋದು. ಇವತ್ತು ಕೆನ್ನೆ ಮುಟ್ಟಿದ್ರೆ ಬೆರಳಿಗೆ ಪುಡಿ ಬಂತು. ಅವರು ಆಡಿಲ್ಲ.”

“ಅಮ್ಮಾ…” ಮೋಹನನ ಕಣ್ಣು ತುಂಬಿತು. “ತಪ್ಪಾಯ್ತಮ್ಮ. ನಮ್ಮ ಬೀಗ್ರು ಕೇಳಿದ್ರು, ಇಲ್ಲ ಅನ್ನಕ್ಕಾಗ್ಲಿಲ್ಲ. ಮೇಷ್ಟ್ರಿಗೆ ಹೇಳಕ್ಕೂ ಬಾಯಿ ಬರ್ಲಿಲ್ಲ. ಎಲ್ಲಾ ನಾನೇ ಮಾಡಿದ್ದು.”

“ಮಾಡಿದ್ದು ಬಿಡು. ಕಂಪನಿಲಿ ಎಷ್ಟು ಜನ ಇವರ ಪಾರ್ಟು ಕಿತ್ಕೊಂಡಿಲ್ಲ, ಸಿನಿಮಾದೋರು ಕಿತ್ಕೊಂಡಿಲ್ಲ? ಅದನ್ನೆಲ್ಲ ಮನೆಗೆ ಬಂದು ನನ್ನ ಹತ್ರ ಹೇಳ್ಕೊಂಡು ಅತ್ತುಬಿಡೋರು. ಅತ್ತು ಮಲ್ಗಿದ್ರೆ ಬೆಳಿಗ್ಗೆಗೆ ಸರಿಹೋಗೋರು.” ಡಬ್ಬಿಯನ್ನು ಅವನ ಕೈಗಿಟ್ಟರು. “ನಿನ್ನ ಕೇಳಿದ್ನಲ್ಲ, ಹೇಗೆ ಮಾಡಿದ್ರು ಅಂತ. ನಿಜ ಹೇಳ್ತೀಯೇನೋ ಅಂತಾನೇ ಕೇಳಿದ್ದು. ನೀನು ಹೇಳಿದ್ದಿದ್ರೆ ಇವತ್ತೂ ಅತ್ತುಬಿಡ್ತಿದ್ರು. ನೀನು, ಜನ ಎದ್ದು ನಿಂತ್ರು, ಒನ್ಸ್ ಮೋರ್ ಅಂದ್ರು ಅಂತ ಹೇಳ್ಬಿಟ್ಟೆ, ಊರೆಲ್ಲರ ಮುಂದೆ. ಅವರೂ ಹೂಂ ಅಂದ್ಬಿಟ್ರು. ಇನ್ಮೇಲೆ ಅವರು ಆಡಿ ಬಂದೋರ ಥರ ಇರ್ಬೇಕು, ನಾನು ನಂಬಿದೋಳ ಥರ ಇರ್ಬೇಕು. ಈ ವಯಸ್ಸಲ್ಲಿ, ಈ ಎರಡು ರೂಮಲ್ಲಿ, ದಿನಾ.”

ಮೋಹನ ಬಗ್ಗಿ ಅವರ ಕಾಲು ಮುಟ್ಟಲು ಹೋದ. ಅವರು ಒಂದು ಹೆಜ್ಜೆ ಹಿಂದೆ ಸರಿದರು. “ಒಳಗೆ ಹೋಗಿ ನಾನೇ ನಿಜ ಹೇಳಿಬಿಡ್ತೀನಿ ಅಮ್ಮ, ಈಗಲೇ” ಅಂದ.

“ಬೇಡ. ಹೇಳೋ ಹೊತ್ತಲ್ಲಿ ಹೇಳ್ಲಿಲ್ಲ. ಈಗ ಹೇಳಿದ್ರೆ, ನನ್ನ ಮುಂದೆ ಸುಳ್ಳು ಹೇಳಿದ್ದು ಗೊತ್ತಾಯ್ತು ಅಂತ ಅವರಿಗೆ ಇನ್ನೊಂದು ಅವಮಾನ.”

ಒಳಗಿನಿಂದ ಮೇಷ್ಟ್ರ ದನಿ ಕೇಳಿತು. “ಲೇ ಇವಳೇ, ಕೊಬ್ಬರಿ ಎಣ್ಣೆ ಎಲ್ಲಿಟ್ಟಿದೀಯ?”

ರಾಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮೋಹನನ ಕಡೆ ಮತ್ತೆ ನೋಡದೆ, ಗೋಡೆ ಹಿಡಿದು ಒಳಕ್ಕೆ ನಡೆಯುತ್ತಾ, ಮದುವೆ ಮನೆಯಿಂದ ಬಂದವರ ಹಾಗೆ ದನಿ ಎತ್ತಿ ಕೂಗಿದರು.

“ಬಂದೇರೀ! ನೀವು ಮುಟ್ಬೇಡಿ, ಬಣ್ಣ ನಾನೇ ತೆಗೀತೀನಿ. ಜನ ಎಲ್ಲಾ ಎದ್ದು ನಿಂತ್ರಂತಲ್ಲ, ಆವಾಗ ನೀವೇನ್ ಮಾಡಿದ್ರಿ, ಅದನ್ನ ಹೇಳಿ ಮೊದ್ಲು.”